ಗೋಡೆ ದೀಪದ ಸ್ವಿಚ್ಚು

ಕದ್ದು ಕೇಳೋದು ತಪ್ಪು, ಗೊತ್ತು. ಆದರೆ ಎಲೆಕ್ಟ್ರಿಕಲ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು: ಎರಡು ಗೋಡೆ ದೀಪ ಹಿಡಿದ ವಯಸ್ಸಾದ ಹೆಂಗಸು, ಪಕ್ಕದಲ್ಲಿ ಅವರ ಎಲೆಕ್ಟ್ರಿಷಿಯನ್.

"ಸೀಲಿಂಗ್ ಲೈಟಿಂದಲೇ ವೈರ್ ಎಳೀತೀನಿ ಅಮ್ಮ. ಈಗಿರೋ ಸ್ವಿಚ್ಚೇ ಸಾಕು."

"ಆ ಸ್ವಿಚ್ ಎಲ್ಲಿದೆ?"

"ಯಜಮಾನ್ರು ಮಲಗೋ ಕಡೆ."

"ಒಂಬತ್ತಾಯ್ತು ಅಂದ್ರೆ ಟಪ್ ಅಂತ ಆರಿಸ್ತಾರೆ. ನನ್ನ ಪುಸ್ತಕ ಅರ್ಧಕ್ಕೇ ನಿಲ್ಲುತ್ತೆ. ಮೂವತ್ತೆಂಟು ವರ್ಷದಿಂದ ಇದೇ ಕಥೆ."

"ಹಾಗಾದ್ರೆ ಆ ಸ್ವಿಚ್ಚಿಗೆ ಹೋಗೋ ಮುಂಚೆಯೇ ಕರೆಂಟ್ ತಗೊಂಡು ಬೇರೆ ಸ್ವಿಚ್ ಕೊಡಬೇಕು. ಗೋಡೆ ಕೊರೀಬೇಕಾಗುತ್ತೆ. ಯಜಮಾನ್ರನ್ನ ಒಂದು ಮಾತು ಕೇಳಿಬಿಡಿ."

"ಮನೆ ಕಟ್ಟಿಸುವಾಗ ಸ್ವಿಚ್ ಎಲ್ಲಿರಲಿ ಅಂತ ನನ್ನನ್ನ ಯಾರಪ್ಪಾ ಕೇಳಿದ್ರು?"

ಅವನು ತಲೆ ಕೆರೆದುಕೊಂಡ.

"ಕೂಗಾಡಿದ್ರೆ?"

"ಕೂಗಾಡಲಿ. ನನ್ನ ಕಿವಿಗೇನು ಹೊಸದಾ?"

"ಸರಿ. ಒಂದು ದೀಪ ನಿಮ್ಮ ಕಡೆ. ಇನ್ನೊಂದು?"

"ಅವರ ತಲೆ ಮೇಲೆ. ಎರಡರ ಸ್ವಿಚ್ಚೂ ನನ್ನ ಕಡೆಗೇ ಹಾಕು."

ದುಡ್ಡು ಕೊಟ್ಟು, ದೀಪಗಳನ್ನು ಚೀಲಕ್ಕೆ ಹಾಕಿಕೊಂಡು ಅವರು ಮೆಟ್ಟಿಲಿಳಿದೇಬಿಟ್ಟರು. ಅವನು ಅಂಗಡಿಯವನ ಕಡೆ ತಿರುಗಿ, "ಸ್ವಿಚ್ ಎರಡು ಕೊಡಿ" ಅಂದು, ತಗೊಂಡು ಅವರ ಹಿಂದೆಯೇ ಓಡಿದ.