ಅಪ್ಪನ ಹೆಸರಿನ ಜಾಗ

ಹೆಂಡತಿ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದ ದಿನದಿಂದ ಮೇಷ್ಟ್ರು ಯಾರೊಡನೆಯೂ ಹೆಚ್ಚು ಮಾತಾಡಿರಲಿಲ್ಲ. ಹತ್ತು ದಿನದ ಮೇಲೆ ಮರಣಪತ್ರಕ್ಕೆಂದು ಕಚೇರಿಗೆ ಬಂದು ಬೆಂಚಿನ ಮೇಲೆ ಕುಳಿತರು. ಪಕ್ಕದಲ್ಲಿ ಒಬ್ಬ ಹುಡುಗಿ ಪೌರತ್ವದ ಅರ್ಜಿ ತುಂಬುತ್ತಿದ್ದಳು. ಜೊತೆಗೆ ಅವಳ ಸೋದರಮಾವನಿದ್ದ.

"ಅಪ್ಪನ ಹೆಸರಿನ ಜಾಗ ಖಾಲಿ ಬಿಡು. ಗೊತ್ತಿಲ್ಲ ಅನ್ನು."

"ಯಾಕೆ ಮಾವ?"

"ಕಾಗದಪತ್ರ ಇಲ್ಲದೆ ಗಡಿ ದಾಟಿ ಬಂದವನು. ಅಂಥವನ ಮಗಳಿಗೆ ಪೌರತ್ವ ಯಾಕೆ ಕೊಡಬೇಕು ಅಂತಾರೆ."

"ಗಡಿ ದಾಟಿದ್ದು ಅಪ್ಪ. ನಾನು ಹುಟ್ಟಿದ್ದೇ ಇಲ್ಲಿ."

"ನನ್ನ ಹತ್ತಿರ ವಾದ ಮಾಡಿ ಏನು ಬಂತು? ಒಳಗಿರೋರಿಗೆ ಹೇಳು."

"ಹೇಳ್ತೀನಿ. ಈ ಕಚೇರಿಯ ನೆಲಕ್ಕೆ ಕಲ್ಲು ಹಾಸಿದ್ದು ಯಾರು ಮಾವ?"

"ನಿಮ್ಮಪ್ಪನೇ. ಕೊನೆಗೆ ಗೋಲಿ ಇಟ್ಟು ಮಟ್ಟ ನೋಡ್ತಿದ್ದ. ಇಟ್ಟಲ್ಲೇ ನಿಲ್ತಿತ್ತು."

"ಆಮೇಲೆ ಹಿಡೀತಾರೆ ಅಂತ ಈ ಬಾಗಿಲಿಗೇ ಬರಲಿಲ್ಲ. ಹೋದ ತಿಂಗಳು ಮಣ್ಣು ಮಾಡಿದ್ವಿ. ಇನ್ನು ಅವರನ್ನ ಯಾರು ಹೊರಗೆ ಕಳಿಸ್ತಾರೆ?"

ಮಾವ ಕಣ್ಣೊರೆಸಿಕೊಂಡ.

"ಹಟದಲ್ಲಿ ಅವನದೇ ಅಚ್ಚು ನೀನು. ಬರಿ, ದೊಡ್ಡದಾಗಿ ಬರಿ. ಕಸುಬು ಅನ್ನೋ ಕಡೆ ಕೂಲಿ ಅಂತ ಹಾಕಬೇಡ, ಮೇಸ್ತ್ರಿ ಅಂತ ಹಾಕು."

ಒಳಗಿನಿಂದ ಕರೆ ಬಂತು. ಹುಡುಗಿ ತಲೆಯೆತ್ತಿ ಮುಂದೆ ನಡೆದಳು, ಮಾವ ಹಿಂದೆ ಹೋದ. ಮೇಷ್ಟ್ರು ನೆಲವನ್ನು ನೋಡಿದರು. ಒಂದು ಸಂದಿಯೂ ಬಾಯಿಬಿಟ್ಟಿರಲಿಲ್ಲ. ಹೆಂಡತಿಗಾಗಿ ದಿನವೂ ಮಾಡುತ್ತಿದ್ದ ಪ್ರಾರ್ಥನೆಗೆ ಅವರು ಇನ್ನೊಬ್ಬರನ್ನು ಸೇರಿಸಿಕೊಂಡರು. ದೇವರೇ, ಅವಳಿಗೂ ಈ ಮೇಸ್ತ್ರಿಗೂ ನಿನ್ನ ಬಳಿ ಶಾಂತಿ ಸಿಗಲಿ.