ಗೋದಲಿಯಲ್ಲಿ ಉಳಿದ ಮೇವು

ಯುದ್ಧಕಾಲ, ಪೆಟ್ರೋಲಿಲ್ಲ; ಇದ್ದಿಲ ಹೊಗೆಯಿಂದ ಓಡುವ ಬಸ್ಸು ಮದ್ದೂರಿನಲ್ಲಿ ಕೆಟ್ಟು ನಿಂತಿತ್ತು. ನನ್ನ ಮುಂದಿನ ಸೀಟಿನಲ್ಲಿ ಅಣ್ಣ, ತಂಗಿ. ಇಬ್ಬರಿಗೂ ಮಂಡ್ಯದಲ್ಲಿ ಸರ್ಕಾರದ ಆಡಿನ ಕೊಟ್ಟಿಗೆಯಲ್ಲಿ ಕೆಲಸ. ಅಣ್ಣ ಕೂತಲ್ಲಿ ಕೂರುತ್ತಿರಲಿಲ್ಲ.

"ಮದ್ಯಾನ ಕರೀ ಆಡ ಕುಯ್ಸಿ ಒಟ್ಟೆ ನೋಡ್ತಾರಂತೆ ಸಾಯೇಬ್ರು. ತೂಗಿ ಆಕಿದ್ ಮೇವೆಲ್ಲ ತಿಂದೂ ಯಾಕ್ ಬಡಕಲಾಯ್ತದೆ ಅಂತ."

"ಎಲ್ಲಿ ತಿಂತದಣ್ಣ? ಒಣ ಮೇವು ಅದ್ಕೆ ಸೇರಾಕಿಲ್ಲ. ಅರ್ಧಕ್ಕರ್ಧ ಬುಟ್ಟಿರ್ತದೆ."

"ಬುಟ್ಟಿದ್ದ ತೂಗಾನ ಅಂತ ಬೆಳಿಗ್ಗೆ ಓದ್ರೆ ಗೋದ್ಲಿ ಬರಿದಾಗಿರ್ತದಲ್ಲ!"

"ನೀನ್ ಬರಾಕ್ ಮುಂಚೆ ನಾನ್ ಗುಡಿಸಿರ್ತೀನಲ್ಲ."

"ಮೇವ ಏನ್ಮಾಡ್ತಿದ್ದೆ, ನಿಂಗಾಜಿ?"

"ತಿಪ್ಪೆಗಾಕ್ತಿದ್ದೆ. ಎಂಜಲ ಮ್ಯಾಲೆ ಒಸ ಮೇವು ಆಕಬಾರ್ದು ಅಂತ ಅವ್ವ ಯೋಳ್ತಿರ್ಲಿಲ್ವಾ?"

"ಎಷ್ಟ್ ತಿಂತು ಅಂತ ತಿಳಿಯಾಕೆ ನಾವ್ ತೂಗಾದೇ ಆ ಎಂಜಲ ಕಣಮ್ಮಿ!"

"ನಂಗ್ಯಾರು ಯೋಳಿದ್ರು?"

ಡ್ರೈವರು ಬಸ್ಸಿನ ಇದ್ದಿಲ ಒಲೆ ಕೆದಕಿ, ಇನ್ನು ಹೊರಡದು ಎಂಬಂತೆ ತಲೆಯಾಡಿಸಿದ. ತಂಗಿ ಗಂಟು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು.

"ಏಳಣ್ಣ, ರೈಲಿಗೋಗವ. ಸಾಯೇಬ್ರಿಗೆ ನಾನೇ ಯೋಳ್ತೀನಿ."

"ಇಬ್ರ ಕೆಲ್ಸಾನೂ ಓಯ್ತದೆ."

"ಕೆಲ್ಸ ಓದ್ರೆ ಇನ್ನೊಂದ್ ಸಿಕ್ತದೆ. ಅಸ್ಕೊಂಡಿರೋ ಆಡ, ತಿಂದದೆ ಅಂತ ಕುಯ್ಸೀಯಾ?"

ಅವಳು ಆಗಲೇ ಸ್ಟೇಷನ್ನಿನ ಕಡೆ ಓಡುತ್ತಿದ್ದಳು. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆಯೇ ಓಡಿದ.