ಖಾಲಿ ಕುರ್ಚಿಯ ನೇರಪ್ರಸಾರ

ಮಾನ್ಯ ಅಧ್ಯಕ್ಷರಾದ ಉಪೇಂದ್ರ ಅವರೇ, ತಾವು ರಾಗಿ ಬೆಳೆದ ಹೊಲದಲ್ಲೇ ಈ ಸಭಾಂಗಣ ಕಟ್ಟಿಸಿದ ಮುಖ್ಯ ಅತಿಥಿ ವೆಂಕಟೇಶಪ್ಪನವರೇ, ವಾಹಿನಿಯ ಸಹೋದ್ಯೋಗಿಗಳೇ, ಇನ್ನೂ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಮೇಲೇ ಸಿಕ್ಕಿಕೊಂಡಿರುವ ಸಭಿಕರೇ,

ನೀವು ನಗುತ್ತಿರುವುದು ನನ್ನ ಮಾತಿಗಲ್ಲ, ಗೊತ್ತು. ಹಿಂದಿನ ದೊಡ್ಡ ಪರದೆಯಲ್ಲಿ ನನ್ನ ಮುಖದ ಬದಲು ನಾನು ಎದ್ದುಬಂದ ಕುರ್ಚಿ ಕಾಣುತ್ತಿದೆ. ಅದರ ಮೇಲೆ ನೀವು ಹೊದಿಸಿದ ಶಾಲು, ಹಣ್ಣಿನ ಬುಟ್ಟಿ. ಬೀಳ್ಕೊಡುಗೆಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೆ?

ಉಪೇಂದ್ರ ಸಾರ್, ದಯವಿಟ್ಟು ಯಾರನ್ನೂ ಅತ್ತ ಕಳಿಸಬೇಡಿ. ನನ್ನನ್ನೂ ಕಳಿಸಬೇಡಿ. ಆ ಮೂಲೆಯಲ್ಲಿ ಸ್ವಿಚರ್ ಮುಂದೆ ಯಮುನಾ ಇದ್ದಾರೆ. ಯಾವ ಕ್ಯಾಮೆರಾದ ಚಿತ್ರ ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುವುದು ಆ ಯಂತ್ರದಲ್ಲಿ. ಇಷ್ಟು ವರ್ಷ ಅದು ನನ್ನ ಕೈಯಲ್ಲಿತ್ತು. ಯಮುನಾ ಪಕ್ಕದಲ್ಲಿ ಕೂತು ಪರದೆಯ ಕೆಳಗಿನ ಅಕ್ಷರ ಹಾಕುತ್ತಿದ್ದರು. 'ಟೈಟಲ್ ಹಾಕೋರಿಗೆ ಲೈವ್ ಕೊಡೋಕಾಗುತ್ತೇನ್ರೀ? ಹೊರಗಿಂದ ಯಾರನ್ನಾದ್ರೂ ತರೋಣ' ಎಂದಿರಿ ನೀವು. 'ನನ್ನ ಬೀಳ್ಕೊಡುಗೆಯನ್ನೇ ಅವರಿಗೆ ಕೊಟ್ಟು ನೋಡಿ ಸಾರ್' ಎಂದೆ ನಾನು. ನೋಡುತ್ತಿದ್ದೀರಿ.

ಅವರು ಸರಿಪಡಿಸುವವರೆಗೆ ಮಾತಾಡುತ್ತಿರುವುದು ನನ್ನ ಕೆಲಸ. ವೆಂಕಟೇಶಪ್ಪನವರು ಮೊಬೈಲ್ ಎತ್ತಿ ತೋರಿಸುತ್ತಿದ್ದಾರೆ. ಅದರಲ್ಲಿ ನಮ್ಮ ವಾಹಿನಿಯ ನೇರಪ್ರಸಾರ, ನನ್ನ ಮುಖ ಸರಿಯಾಗೇ ಬರುತ್ತಿದೆ. ಅಂದರೆ ಕ್ಯಾಮೆರಾ ಸರಿ, ಮನೆಮನೆಗೆ ಹೋಗುವ ದಾರಿ ಸರಿ. ಈ ಪರದೆಗೆ ಬರುವ ದಾರಿ ಮಾತ್ರ ಬೇರೆ, ಅಲ್ಲೇ ಏನೋ ಆಗಿದೆ. ಏನೆಂದು ನನಗೆ ಗೊತ್ತು. ಹೇಳುವುದಿಲ್ಲ. ಯಮುನಾ ಮೇಜಿನ ಕೆಳಗೆ ಬಗ್ಗಿ ಕೇಬಲ್ ಅಲುಗಾಡಿಸುತ್ತಿದ್ದಾರೆ. ನನ್ನ ಕೈ ತುರಿಸುತ್ತಿದೆ.

ನಮ್ಮ ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರು. ನಿವೃತ್ತರಾದ ಮೇಲೂ ದಿನಾ ಗೇಟಿನವರೆಗೆ ಹೋಗಿ, ಸೈರನ್ ಕೇಳಿಸಿಕೊಂಡು ಬಂದ ಮೇಲೇ ತಿಂಡಿ. ನಾನು ನಗುತ್ತಿದ್ದೆ. ಇವತ್ತು ನಗು ಬರುತ್ತಿಲ್ಲ. ನಿಜ ಹೇಳಲೇ? ಯಮುನಾಗೆ ತಪ್ಪು ಎಲ್ಲಿದೆಯೆಂದು ಸಿಗದೇ ಹೋಗಲಿ, 'ಶ್ರೀಧರ್ ಸಾರೇ ಬರಬೇಕು' ಎಂದು ನೀವೆಲ್ಲ ಕರೆಯಲಿ ಎಂದು ಈಗ ತಾನೇ ಆಸೆಯಾಯಿತು. ಮೈಕಿನಲ್ಲಿ ಹೇಳುವ ಮಾತಲ್ಲ ಇದು, ಬಾಯಿಗೆ ಬಂದುಬಿಟ್ಟಿತು.

ಹಿಂದೊಮ್ಮೆ ಚುನಾವಣಾ ಫಲಿತಾಂಶದ ದಿನ ಎಲ್ಲ ಪರದೆಗಳೂ ಕಪ್ಪಾಗಿ, ನಾನು ಎದ್ದು ನಿಂತು ಕೂಗಾಡಿದ್ದೆ. ಪಕ್ಕದಿಂದ ಯಮುನಾ, 'ಸಾರ್, ಮೊದ್ಲು ಕೂತ್ಕೊಳ್ಳಿ. ಎಲ್ಲೀತನಕ ಸರಿಯಾಗಿದೆ ನೋಡೋಣ' ಎಂದರು. ಕೂತೆ, ತಪ್ಪು ಸಿಕ್ಕಿತು. ಆಮೇಲೆ ಪ್ರತಿ ಗೊಂದಲದಲ್ಲೂ ಅದೇ ಮಾತು. ಎಷ್ಟು ಸಲ ಬೈದಿದ್ದೇನೋ, ಆದರೆ ಎಲ್ಲ ಸಲವೂ ಕೂತಿದ್ದೇನೆ.

ನೋಡಿ, ಕೇಬಲ್ ಬಿಟ್ಟು ಎದ್ದರು. ತಾವೂ ಕೂತರು! ಇನ್ನು ಭಯವಿಲ್ಲ.

ಬಂತು! ಶಾಲು ಹೊದಿಸುವುದು ಎಲ್ಲರಿಗೂ ಕಾಣಲೆಂದು ಈ ಪರದೆಯನ್ನು ಕುರ್ಚಿಯ ಕ್ಯಾಮೆರಾಕ್ಕೇ ನೇರವಾಗಿ ಜೋಡಿಸಿದ್ದರು, ಬದಲಾಯಿಸಲು ಮರೆತಿದ್ದರು. ಅಷ್ಟೇ. ಚಪ್ಪಾಳೆ ಆ ಮೂಲೆಗೆ ಹೊಡೆಯಿರಿ. ಉಪೇಂದ್ರ ಸಾರ್, ಹೊರಗಿನವರನ್ನು ತರುವ ಮಾತು ಇನ್ನೂ ಇದೆಯೇ? ಇಲ್ಲವೆಂದು ತಲೆಯಾಡಿಸುತ್ತಿದ್ದಾರೆ, ಎಲ್ಲರೂ ನೋಡಿಕೊಳ್ಳಿ.

ಮತ್ತೇಕೆ ನಗು? ನನ್ನ ಮುಖದ ಕೆಳಗೆ ಅಕ್ಷರ ಬಂತೆ? ಹೆಸರು, ಹುದ್ದೆ ಇರಬೇಕು. ತಾಳಿ, ಕನ್ನಡಕ ಹಾಕಿಕೊಳ್ಳುತ್ತೇನೆ.

'ಸಾರ್, ಈಗ ಕೂತ್ಕೊಳ್ಳಿ.'

ಎಲ್ಲರಿಗೂ ವಂದನೆಗಳು. ಕೂರುತ್ತೇನೆ ಯಮುನಾ. ನಮಸ್ಕಾರ.